ಕ್ಯಾಮೆರಾದ ಸದ್ದು

ಮಾರ್ಚ್ 17, ಬೆಳಗ್ಗೆ 10

ಮದುವೆ ವಿಡಿಯೋ, ಮೂರನೇ ಭಾಗ. ಎಂದಿನಂತೆ ಮೊದಲ ಕೆಲಸ — ಕ್ಯಾಮೆರಾದ ಸದ್ದನ್ನು ಚಿತ್ರದಿಂದ ಬೇರೆ ಮಾಡು, ಡಿಲೀಟ್ ಒತ್ತು. ಕೆಮ್ಮು, ಕುರ್ಚಿ ಎಳೆದದ್ದು, ಯಾರದೋ ಮೊಬೈಲ್... ಯಾರಿಗೆ ಬೇಕು ಈ ಗಲಾಟೆ? ಕೆಳಗಿನ ಟ್ರ್ಯಾಕ್‌ಗೆ ಕೊಳಲು ಎಳೆದು ಬಿಟ್ಟೆ. ಶುರುವಿಗೆ ಮೆಲ್ಲಗೆ ಏರುವ ಫೇಡ್ ಇನ್, ಕೊನೆಗೆ ಮೆಲ್ಲಗೆ ಇಳಿಯುವ ಫೇಡ್ ಔಟ್. ಹದಿನಾಲ್ಕು ವರ್ಷದಿಂದ ಇದೇ. ನಮ್ಮ ಮಾತೆಲ್ಲ ಎಲ್ಲಿ ಹೋಯಿತು ಎಂದು ಒಬ್ಬ ಗಿರಾಕಿಯೂ ಕೇಳಿದ್ದಿಲ್ಲ.

ಅತ್ತಿಗೆ ತೀರಿಹೋಗಿ ಇವತ್ತಿಗೆ ಹದಿನೈದು ದಿನ. ಕೆಲಸಕ್ಕೆ ಕೂತರೆ ಮರೆಯುತ್ತದೆ ಅಂದುಕೊಂಡಿದ್ದೆ. ಶುದ್ಧ ಸುಳ್ಳು.

ಮಾರ್ಚ್ 18

ಅಣ್ಣ ಸ್ಟುಡಿಯೋಗೇ ಬಂದ. ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಮೇಲೆಕೆಳಗಾಗಿದೆ. ಫೋಟೋ ಬೇಡವಂತೆ, ಮನೆ ತುಂಬ ಇವೆಯಂತೆ. ಇಪ್ಪತ್ತೈದನೇ ಮದುವೆ ವಾರ್ಷಿಕೋತ್ಸವಕ್ಕೆ ನಾನೇ ಮಾಡಿಕೊಟ್ಟ ವಿಡಿಯೋ ಹಾಕಿ ಕೂತಿದ್ದನಂತೆ.

"ಅದ್ರಲ್ಲಿ ಬರೀ ಬಾಯಿ ಆಡಿಸ್ತಾಳೆ. ಮೇಲೆ ನಿನ್ನ ಹಾಡು. ಅವಳ ಧ್ವನಿ ಮರ್ತು ಹೋಗ್ತಿದೆ ಕಣೇ. ಒಂದೇ ಒಂದು ಮಾತು ಹುಡುಕಿ ಕೊಡು."

ಅತ್ತಿಗೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದವರೇ ಅಲ್ಲ. ಗೋಡೆ ಜೊತೆ ಮಾತಾಡಿದ ಹಾಗಾಗುತ್ತದೆ ಎನ್ನುತ್ತಿದ್ದರು. ಹುಡುಕುತ್ತೇನೆ ಅಂದೆ. ಆ ವಿಡಿಯೋ ಇದ್ದ ಮೆಮೊರಿ ಕಾರ್ಡನ್ನು ಅದೇ ವಾರ ಫಾರ್ಮ್ಯಾಟ್ ಮಾಡಿಬಿಟ್ಟೆ ಎಂದು ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 19

ಎರಡು ಹಾರ್ಡ್ ಡಿಸ್ಕ್ ಜಾಲಾಡಿದೆ. ನಾಲ್ಕು ಹಾಡುಗಳಿವೆ, ಒಂದು ಮಾತೂ ಇಲ್ಲ. ನನ್ನ ಕೈಗಿಷ್ಟು ಬೆಂಕಿ ಹಾಕ.

ಅಣ್ಣನ ಫೋನ್. ಮತ್ತೆ ಆಸ್ಪತ್ರೆಯದೇ ಮಾತು — ಎರಡು ತಿಂಗಳು ಮುಂಚೆ ಕರೆತಂದಿದ್ದರೂ ಹೃದಯ ಉಳಿಸಬಹುದಿತ್ತು ಎಂದು ಡಾಕ್ಟರ್ ಅಂದದ್ದು. ನೋವು ಅಂತ ಒಂದು ಸಲವಾದರೂ ಯಾರಿಗಾದರೂ ಹೇಳಬಾರದಿತ್ತಾ ಎಂದು ಅತ್ತ.

ಮಾರ್ಚ್ 23, ಮಧ್ಯಾಹ್ನ

ಸಿಕ್ಕಿತು! ಹಾಡುಗಳ ಫೋಲ್ಡರ್‌ನಲ್ಲಿ. ವಾರ್ಷಿಕೋತ್ಸವದ ವಿಡಿಯೋದಿಂದ ಸದ್ದು ಬೇರೆ ಮಾಡುವಾಗ ಒಂದು ತುಂಡು ಕೈತಪ್ಪಿ ಅಲ್ಲೇ ಸೇವ್ ಆಗಿದೆ. ಹದಿನೆಂಟು ಸೆಕೆಂಡ್. ಕುಣಿದಾಡುವಷ್ಟು ಖುಷಿಯಾಯಿತು. ಹೆಡ್‌ಫೋನ್ ಹಾಕಿದೆ. ಅತ್ತಿಗೆಯೇ, ನನ್ನನ್ನು ಯಾವಾಗಲೂ ಕರೆಯುತ್ತಿದ್ದ ಅದೇ ಹೆಸರಿನಿಂದ.

"ಡೈರೆಕ್ಟರಮ್ಮ, ಎದೆ ಯಾಕೋ ಹಿಡ್ಕೊಂಡ ಹಾಗಿದೆ. ಎಡಗೈನೂ ಜೋಮು. ನಿಮ್ಮಣ್ಣಂಗೆ ಹೇಳ್ಬೇಡ, ಗಾಬರಿ ಬೀಳ್ತಾರೆ. ನೀನೇ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡು ಹೋಗು."

ಆಮೇಲೆ ನನ್ನ ಧ್ವನಿ. ಕ್ಯಾಮೆರಾ ಹಿಂದಿನಿಂದ.

"ಆಯ್ತು ಅತ್ತಿಗೆ, ನಾಳೆ ಹೋಗೋಣ. ಈಗ ಸ್ವಲ್ಪ ನಗಿ."

ನಕ್ಕಿದ್ದಾರೆ.

ಮರುದಿನ ಎರಡು ಶೂಟಿಂಗ್ ಇದ್ದವು. ಅದರ ಮರುದಿನವೂ ಏನೋ ಇತ್ತು. ಅವರು ಮತ್ತೆ ಕೇಳಲಿಲ್ಲ, ನಾನು ಮರೆತೆ. ಮರೆತೆ ಅಂತ ಬರೆಯಲೂ ನಾಚಿಕೆಯಾಗಬೇಕು ನನಗೆ.

ಮಾರ್ಚ್ 24

ಕತ್ತರಿಸಿದೆ. "ಡೈರೆಕ್ಟರಮ್ಮ" ಇಟ್ಟುಕೊಂಡು, ನಡುವಿನದೆಲ್ಲ ತೆಗೆದು, ನಗುವಿಗೆ ಜೋಡಿಸಿದೆ. ನಾಲ್ಕು ಸೆಕೆಂಡ್. ಎಲ್ಲಿ ಬೆಸೆದದ್ದು ಎಂದು ನನಗೇ ತಿಳಿಯುವುದಿಲ್ಲ. ಕೇಳಿದವರು, ಪಾಪ ಎಷ್ಟು ಖುಷಿಯಲ್ಲಿದ್ದರು ಅನ್ನಬೇಕು. ಇದನ್ನು ಕೊಟ್ಟರೆ ಅಣ್ಣ ನನಗೆ ಕೈ ಮುಗಿದಾನು.

ಪೂರ್ತಿ ಫೈಲ್ ಇನ್ನೂ ಅಳಿಸಿಲ್ಲ. ಎರಡು ಸಲ ಮೌಸ್ ಅಲ್ಲಿಗೇ ಹೋಯಿತು.

ಮಾರ್ಚ್ 27, ಸಂಜೆ 4

ಅಣ್ಣ ಪಕ್ಕದ ಕುರ್ಚಿಯಲ್ಲಿದ್ದಾನೆ, ಹೆಡ್‌ಫೋನ್ ಹಾಕಿಕೊಂಡು. ಮುಖ ನೋಡಲಾಗದೆ ಇದನ್ನು ಗೀಚುತ್ತಿದ್ದೇನೆ. ನಾಲ್ಕು ಸೆಕೆಂಡಿನದನ್ನೇ ಹಾಕಬೇಕೆಂದಿದ್ದೆ. ಆದರೆ ಅವನು ಸ್ನಾನ ಮಾಡಿ, ಗಡ್ಡ ತೆಗೆದು, ಅತ್ತಿಗೆಯನ್ನೇ ನೋಡಲು ಬಂದವನ ಹಾಗೆ ಬಂದಿದ್ದ. ಮೋಸ ಮಾಡಲು ಮನಸ್ಸಾಗಲಿಲ್ಲ. ಪೂರ್ತಿ ಹಾಕಿದೆ.

ಮೊದಲನೇ ಸಲ ಬರೀ ಧ್ವನಿ ಕೇಳಿದ. ಕಣ್ಣು ಮುಚ್ಚಿ ನಕ್ಕ. ಎರಡನೇ ಸಲ ಮಾತು ಕೇಳಿದ.

ಮೂರನೇ ಸಲ ಮುಗಿದ ಮೇಲೆ "ಇದು ಯಾವತ್ತಿಂದು?" ಅಂದ.

ಫೈಲ್ ಹೆಸರಲ್ಲೇ ತಾರೀಖು ಇದೆ. ನವೆಂಬರ್ ಹತ್ತೊಂಬತ್ತು ಎಂದು ಓದಿದೆ.

ತೊಡೆಯ ಮೇಲೆ ಕೈ ಇಟ್ಟುಕೊಂಡು ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಾನೆ. ಡಿಸೆಂಬರ್. ಜನವರಿ. ಫೆಬ್ರವರಿ.