ಸಭಾಂಗಣದಲ್ಲೊಂದು ಅಡುಗೆಮನೆ

ಪುರುಷರ ರಾತ್ರಿ ತಂಗುದಾಣ,
ಮಾರ್ಚ್ ೧೨, ಬೆಳಿಗ್ಗೆ

ಇವಳೇ,

‘ಜಗಳ ಆಡೋಕೂ ಸ್ವಂತದ್ದೊಂದು ಬಾಗಿಲು ಬೇಕು ಕಣ್ರೀ’ ಎಂದೋ, ‘ಬಾಗಿಲೇ ಇಲ್ಲದ ಮೇಲೆ ಜಗಳ ಏನು ಬಂತು’ ಎಂದೋ, ಆ ದಿನ ನೀನು ಅಂದದ್ದು ಯಾವುದೆಂದು ನಿನ್ನೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ. ನಮ್ಮ ಬಾಡಿಗೆ ವಠಾರವನ್ನು ಕೆಡವಿ ಬಹುಮಹಡಿ ಎಬ್ಬಿಸಲು ಹೊರಟ ವಾರ, ಇದೇ ತಂಗುದಾಣದ ಗೇಟಿನಲ್ಲಿ ನಿಂತು ಅಂದದ್ದು. ಗೇಟಿನವನು ನನ್ನನ್ನು ಒಳಗೆ ಬಿಟ್ಟು ನಿನಗೆ ರಸ್ತೆಯಾಚೆಗಿನ ಹೆಂಗಸರ ಕಟ್ಟಡ ತೋರಿಸಿದ್ದ. ಅಲ್ಲಿಂದಲೇ ನೀನು ತಂಗಿಯ ಊರಿಗೆ ಹೋದದ್ದು. ಯಾವುದಾದರೂ ಇರಲಿ, ಬಾಗಿಲು ಸಿಕ್ಕಿದೆ. ನೀನು ಬಂದರೆ ನಮ್ಮದು.

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ತಂಗಿಯ ಮನೆಯ ಮೆಟ್ಟಿಲು ಕಡಿದಾಗಿವೆ ಎಂದು ಬರೆದಿದ್ದೆ. ನೋವು ಹತ್ತುವಾಗಲೋ, ಇಳಿಯುವಾಗಲೋ? ತಂಗಿಗೆ ಕೆಮ್ಮು ಬಿಟ್ಟಿತೇ? ಮಕ್ಕಳು ನಿನ್ನ ಹೊಲಿಗೆ ಯಂತ್ರದ ಚಕ್ರ ತಿರುಗಿಸುವುದನ್ನು ಬಿಟ್ಟಿರಲಾರರು. ನಾನು ಚೆನ್ನಾಗಿದ್ದೇನೆ. ಲಿಫ್ಟ್ ರಿಪೇರಿ ಕೆಲಸ ಕೈತುಂಬಾ ಇದೆ. ಊರು ಮೇಲಕ್ಕೆ ಬೆಳೆದಷ್ಟೂ ನನಗೆ ಕೆಲಸ, ಮಲಗುವ ಜಾಗ ಮಾತ್ರ ಕೆಳಗೆ. ಇದನ್ನು ದೂರು ಎಂದು ಓದಬೇಡ. ಸದ್ಯ ದೂರುವ ಸ್ಥಿತಿಯಲ್ಲಿ ನಾನಿಲ್ಲ.

ದೊಡ್ಡ ರಸ್ತೆಯಲ್ಲಿ ವಿಮಾ ಕಂಪನಿಯ ಕಟ್ಟಡವೊಂದು ಖಾಲಿ ಬಿದ್ದಿತ್ತಲ್ಲ, ಹಿಂದೆ ಅದರ ಲಿಫ್ಟನ್ನು ನಾನೇ ನೋಡಿಕೊಳ್ಳುತ್ತಿದ್ದೆ. ನಗರಸಭೆ ಅದನ್ನು ಕೊಂಡು ಮನೆಗಳಾಗಿ ಒಡೆದಿದೆ. ಖಾಲಿ ಕಚೇರಿಗಳಿಗೆ ಕಾವಲು, ಜನಕ್ಕೆ ಫುಟ್‌ಪಾತು ಅನ್ನುವ ಏರ್ಪಾಡು ಸಾಕೆಂದು ಯಾರಿಗೋ ಕೊನೆಗೂ ಅನಿಸಿರಬೇಕು. ತಂಗುದಾಣದವರಿಗೇ ಮೊದಲ ಸರದಿ. ಬಾಡಿಗೆ ಸಂಪಾದನೆಯ ಕಾಲುಭಾಗ ಮೀರುವಂತಿಲ್ಲ. ಕುಡಿಯುತ್ತೀಯಾ, ನಿನಗೆ ಜಾಮೀನು ಯಾರು ಅನ್ನುವ ವಿಚಾರಣೆಯೂ ಇಲ್ಲ. ಮೊದಲು ಮನೆ, ಮಿಕ್ಕದ್ದು ಆಮೇಲೆ ಎನ್ನುವುದು ಅವರ ಹೊಸ ನೀತಿಯಂತೆ.

ಮನೆ ಹಂಚುವ ಅಧಿಕಾರಿ ನಮ್ಮ ವಯಸ್ಸಿನ ಹೆಂಗಸು. ‘ಹೋದ ವರ್ಷ ಇಬ್ರೂ ಒಟ್ಟಿಗೆ ಇದ್ರಾ? ಇಲ್ದಿದ್ರೆ ಸಂಸಾರ ಅಂತ ಹೇಗೆ ಬರ್ಕೊಳ್ಳಲಿ?’ ಎಂದು ಕೇಳಿದರು. ‘ಬಂದಿದ್ದು ಒಟ್ಟಿಗೇ ಮೇಡಂ, ಬೇರೆ ಮಾಡಿದ್ದು ನಿಮ್ಮ ತಂಗುದಾಣದ ಗೇಟಿನ ಬೋರ್ಡು’ ಅಂದೆ. ಇಂಥ ಮಾತು ನನಗೆ ಸಾಮಾನ್ಯವಾಗಿ ಹೊಳೆಯುವುದು ಮನೆಗೆ ಮರಳಿದ ಮೇಲೆ. ಮನೆ ಇಲ್ಲದಿರುವುದರಿಂದ ಅಲ್ಲೇ ಹೊಳೆಯಿತೋ ಏನೋ. ಅವರು ಪೆನ್ನು ಕೆಳಗಿಟ್ಟು ನಕ್ಕರು. ತಂಗುದಾಣ ಬೇರೆ ಮಾಡಿದ ಗಂಡಹೆಂಡಿರನ್ನು ಈಗ ಸಂಸಾರವೆಂದೇ ಎಣಿಸಬೇಕಂತೆ, ಹೋದ ತಿಂಗಳಷ್ಟೇ ಹಾಗೆ ತಿದ್ದಿದ್ದಾರೆ. ಆದರೆ ಬೀಗದಕೈ ತೆಗೆದುಕೊಳ್ಳಲು ಇಬ್ಬರೂ ಹೋಗಿ ನಿಲ್ಲಬೇಕು. ‘ಅವ್ರು ಬರ್ತಾರೆ ತಾನೆ?’ ಅಂದರು. ‘ಬರ್ತಾಳೆ’ ಅಂದೆ. ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ಹೊರಗಿನಿಂದ ‘ಎರಡೇ ನಿಮಿಷ’ ಎಂದು ಹೇಳುತ್ತೇನಲ್ಲ, ಆ ದನಿಯಲ್ಲಿ.

ಕೋಣೆ ಮೂರನೆಯ ಮಹಡಿಯಲ್ಲಿದೆ. ಹಿಂದೆ ಅದು ಸಭಾಂಗಣ. ಅದನ್ನು ನಾಲ್ಕು ಮಾಡಿದ್ದಾರೆ. ದೊಡ್ಡ ಸಾಹೇಬರು ಕೂತು ಎಲ್ಲರನ್ನೂ ಗದರುತ್ತಿದ್ದ ಜಾಗದಲ್ಲಿ ಈಗ ಪಾತ್ರೆ ತೊಳೆಯುವ ತೊಟ್ಟಿ. ಗೋಡೆ ತುಂಬ ಸ್ವಿಚ್ಚುಗಳು, ಅರ್ಧಕ್ಕರ್ಧ ಏನನ್ನೂ ಹೊತ್ತಿಸುವುದಿಲ್ಲ. ಬಚ್ಚಲಿನ ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂದು ಇನ್ನೂ ಇದೆ. ನಮ್ಮಲ್ಲಿ ಸಿಬ್ಬಂದಿ ಯಾರು, ಸಾಹೇಬರು ಯಾರು ಎಂಬುದು ನಿನಗೆ ಗೊತ್ತು. ತೋರಿಸಲು ಬಂದಿದ್ದ ಮೇಸ್ತ್ರಿಯನ್ನು ಹೊರಗೆ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಉಸಿರು ನನಗೊಬ್ಬನಿಗೇ ಕೇಳಿಸಿತು. ಇದು ಸಂತೋಷವೇ ಎಂದು ಪರೀಕ್ಷಿಸಿಕೊಂಡೆ. ಅನುಮಾನವಿಲ್ಲ, ಅದೇ. ಚಿಲಕ ತೆಗೆದೆ, ಮತ್ತೆ ಹಾಕಿದೆ. ‘ಒಳಗೇನ್ ಸಾರ್, ಆಗ್ಲೇ ಗೃಹಪ್ರವೇಶನಾ?’ ಎಂದು ಮೇಸ್ತ್ರಿ ಹೊರಗಿನಿಂದ ಕೂಗಿದ. ರಾತ್ರಿ ತಂಗುದಾಣದಲ್ಲಿ ನಿದ್ದೆ ಹತ್ತಲಿಲ್ಲ. ಪಕ್ಕದ ಮಂಚದ ಕ್ಷೌರಿಕನನ್ನು ಇಲ್ಲಿ ಗೊರಕೆ ಮಾವ ಅನ್ನುತ್ತಾರೆ. ಅವನಿಗೇ ನನ್ನಿಂದ ಎಚ್ಚರವಾಯಿತು. ‘ಈ ವಯಸ್ಸಲ್ಲಿ ಮದುವೆ ಗಂಡಿನ ಥರ ಹೊರಳಾಡ್ತೀಯಲ್ಲೋ’ ಎಂದು ಬೈದ.

ಅಲ್ಲಿ ನಿನಗೆ ತಂಗಿ ಇದ್ದಾಳೆ, ರವಿಕೆ ಹೊಲಿಸಲು ಬರುವವರಿದ್ದಾರೆ, ನಿನ್ನ ಕೈಹಿಡಿದು ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇಲ್ಲಿ ಒಂದು ಕೋಣೆ ಮತ್ತು ನಾನು. ಕೋಣೆಯ ಬಗ್ಗೆಯಾದರೆ ಭರವಸೆ ಕೊಡಬಲ್ಲೆ.

ತಂಗಿಗೂ ಅವಳ ಯಜಮಾನರಿಗೂ ಕೇಳಿದೆನೆಂದು ಹೇಳು. ಚಿಕ್ಕವನ ಕೆನ್ನೆ ನನ್ನ ಪರವಾಗಿ ಹಿಂಡು, ದೊಡ್ಡವಳಿಗೆ ಅದು ಇಷ್ಟವಿಲ್ಲ.

ನಿನ್ನ,
ಲಿಫ್ಟಿನವನು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ‘ಒಬ್ರಿಗಾದ್ರೆ ಮೇಲಿನ ಮಹಡೀಲಿ ಚಿಕ್ಕದೊಂದಿದೆ, ಇವತ್ತೇ ಬೀಗದಕೈ ತಗೊಂಡು ಹೋಗಿ’ ಎಂದೂ ಅಧಿಕಾರಿ ಹೇಳಿದ್ದರು. ಬೇಡ ಅಂದೆ. ಅದನ್ನು ಆಗಲೇ ಗೊರಕೆ ಮಾವನಿಗೆ ಕೊಟ್ಟರು. ಅವನು ನನ್ನನ್ನು ಮುಟ್ಠಾಳ ಅನ್ನುತ್ತಲೇ ಗಂಟು ಕಟ್ಟುತ್ತಿದ್ದಾನೆ. ಸೋಮವಾರ ಇಬ್ಬರೂ ಹೋಗದಿದ್ದರೆ ಸಭಾಂಗಣವೂ ಬೇರೆಯವರಿಗೆ, ನಾನು ಸಾಲಿನ ಕೊನೆಗೆ. ನನ್ನ ಸರದಿ ತಪ್ಪುತ್ತದೆಂಬ ಕನಿಕರಕ್ಕೆ ಮಾತ್ರ ಬರಬೇಡ. ಭಾನುವಾರ ರಜೆ ಹಾಕಿದ್ದೇನೆ, ಬೆಳಗಿನಿಂದ ಬಸ್ ನಿಲ್ದಾಣದಲ್ಲೇ ಇರುತ್ತೇನೆ. ಯಾವ ಬಸ್ಸಿನ ದಾರಿ ನೋಡಲಿ?