ಎಡಗಾಲು ಮೊದಲು

ಜೂನ್ ೧೧, ಭಾನುವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಇಡೀ ದಿನ ಬೇರೆಯವರ ಬರಹ ತಿದ್ದುವ ಕೈ, ಬರೆಯಲು ಕೂತರೆ ನನ್ನ ಸಾಲುಗಳನ್ನೂ ಹೊಡೆದುಹಾಕುತ್ತಿತ್ತು. ಈ ಸಲ ಏನೂ ತಿದ್ದದೆ ಕಳಿಸುತ್ತೇನೆ.

ಇಲ್ಲಿ ಎಲ್ಲರೂ ಸೌಖ್ಯ. ಅಪ್ಪ ಹೊಸ ಕನ್ನಡಕ ತೆಗೆದುಕೊಂಡಿದ್ದಾರೆ; ಅದನ್ನು ಹುಡುಕಲು ಹಳೆಯದನ್ನು ಹಾಕಿಕೊಳ್ಳುತ್ತಾರೆ. ಮುದ್ರಣಾಲಯದಲ್ಲಿ ನನ್ನ ಕೆಲಸ ನಡೆದಿದೆ. ಪಕ್ಕದ ಮೇಜಿನಲ್ಲಿ ಪುಟ ಜೋಡಿಸುವಾಕೆ ಮೊನ್ನೆ, "ಯೋಗ ಮಾಡ್ತೀನಿ ಅಂತೀಯ, ಕೂತಿರೋದು ನೋಡಿದ್ರೆ ಪ್ರಶ್ನಾರ್ಥಕ ಚಿಹ್ನೆ ಥರ ಇದ್ದೀಯಲ್ಲೇ!" ಅಂದಳು.

"ದಿನವೂ ಅಭ್ಯಾಸ ಮಾಡುತ್ತಿದ್ದೀಯಾ?" ಎಂದು ಕೇಳಿದ್ದೀಯ. ನಿಜ ಹೇಳಲೇ? ನೀನು ಆ ಯೋಗಶಾಲೆಗೆ ತರಬೇತಿಗೆಂದು ಹೋದ ಹೊಸತರಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ನೀನು ವಾಪಸು ಬರುವಷ್ಟರಲ್ಲಿ ಅಂಗೈ ನೆಲಕ್ಕೂರಿ ಸೊಂಟ ಮೇಲೆತ್ತಿ ಬಗ್ಗಿದಾಗ ಹಿಮ್ಮಡಿ ನೆಲ ಮುಟ್ಟಲೇಬೇಕು ಎಂಬ ಹಟ. ನೀನು ಅಲ್ಲೇ ಉಳಿದು ಕಲಿಸುತ್ತೀಯ, ಇನ್ನು ಮನೆಗೆ ಬರುವುದಿಲ್ಲ ಎಂದು ತಿಳಿದ ಮೇಲೆ ಹಟ ಸಡಿಲವಾಯಿತು. ಈಗ ಮಾಡಿದ ದಿನಕ್ಕಿಂತ ತಪ್ಪಿಸಿದ ದಿನವೇ ಹೆಚ್ಚು. ಅಮ್ಮ, "ಚಾಪೆ ಹಾಸೋದು, ಸುತ್ತೋದು, ಇವೆರಡೇ ಆಸನವೇನೇ ನಿಂದು?" ಅನ್ನುತ್ತಾಳೆ.

ಅವಳ ಕಾಟ ತಾಳದೆ ಬೀದಿ ಕೊನೆಯ ಯೋಗ ತರಗತಿಗೆ ಸೇರಿದೆ. ಮೊದಲ ದಿನವೇ ಎಡವಟ್ಟು. ಎಲ್ಲರೂ ಬಲಗಾಲು ಇಟ್ಟು ಬಲಕ್ಕೆ ಬಾಗಿದರೆ, ನಾನೊಬ್ಬಳು ಎಡಗಾಲು ಇಟ್ಟು ಎಡಕ್ಕೆ. ಪಕ್ಕದ ಅಜ್ಜಿಗೂ ನನಗೂ ಡಿಕ್ಕಿ. "ಏನಮ್ಮಾ, ಬೆಳಬೆಳಿಗ್ಗೆ ಜಗಳಕ್ಕೆ ಬಂದ್ಯಾ?" ಅಂದರು ಅಜ್ಜಿ. ಕಲಿಸುವ ಮೇಡಂ, "ಎಡಗಡೆಯಿಂದ ಶುರು ಮಾಡೋದು ಯಾರು ಕಲಿಸಿದ್ರು ನಿಂಗೆ?" ಅಂದರು. ಆಗ ಹೊಳೆಯಿತು. ಅಲ್ಲಿ ಮೇಡಂ ನಮಗೆ ಬೆನ್ನು ಮಾಡಿ ನಿಂತು ತೋರಿಸುತ್ತಾರೆ. ನೀನು ಮನೆಯಲ್ಲಿ ಕಲಿಸುವಾಗ ನನಗೆ ಎದುರಾಗಿ ನಿಂತು ಬಲಗಾಲು ಇಡುತ್ತಿದ್ದೆ. ನಾನು ಕನ್ನಡಿಯಂತೆ ಎಡಗಾಲು ಇಡುತ್ತಿದ್ದೆ. ಇಷ್ಟು ವರ್ಷ ನಮ್ಮಿಬ್ಬರಿಗೂ ಅದು ಗೊತ್ತೇ ಆಗಲಿಲ್ಲವಲ್ಲ! ಮೇಡಂ ಕಡೆ ನಕ್ಕು ಕಾಲು ಬದಲಿಸಿದೆ.

ಈಗ ಅಲ್ಲಿ ಬಲಗಾಲೇ ಮೊದಲು. ಮನೆಯಲ್ಲಿ ಒಬ್ಬಳೇ ಇದ್ದಾಗ ಮಾತ್ರ ಎಡಗಾಲು. ಎದುರಿಗೆ ನೀನು ನಿಲ್ಲುವಷ್ಟು ಜಾಗ ಬಿಟ್ಟಿರುತ್ತೇನೆ. ಕೆಲವು ದಿನ ಅಲ್ಲಿ ನೀನಿದ್ದೀಯ ಅಂದುಕೊಂಡೇ ಪೂರ್ತಿ ಮುಗಿಸುತ್ತೇನೆ. ಕೆಲವು ದಿನ ಬರೀ ಗೋಡೆ ಕಾಣುತ್ತದೆ, ಚಾಪೆ ಸುತ್ತಿಡುತ್ತೇನೆ. ಸೋಮಾರಿತನ ಅನ್ನಬೇಡ.

ಅಂದ ಹಾಗೆ, ಹಿಮ್ಮಡಿ ನೆಲ ಮುಟ್ಟಿತು! ಅಮ್ಮನನ್ನು ಕೂಗಿ ತೋರಿಸಿದೆ. "ಸರಿ ಸರಿ, ಎದ್ದು ಹಾಲು ನೋಡು, ಉಕ್ಕುತ್ತೆ" ಅಂದಳು. ಅಮ್ಮನ ಜಾಗದಲ್ಲಿ ನೀನಿದ್ದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ.

ಅಪ್ಪ ಅಮ್ಮನ ಆಶೀರ್ವಾದ ಇದರ ಜೊತೆಗೇ ಬರುತ್ತಿದೆ. ನನ್ನದೂ ಸೇರಿಸಿಕೋ, ಚಿಕ್ಕವರು ಹರಸಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ.

ನಿನ್ನ
ಗುಮ್ಮಿ

ತಾ.ಕ.: "ಇಲ್ಲಿಗೆ ಬಂದ ಮೇಲೆ ನನ್ನವರು, ಹೊರಗಿನವರು ಎಂಬ ಭೇದ ಹೋಗಿದೆ, ನನಗೀಗ ಎಲ್ಲರೂ ಒಂದೇ" ಎಂದು ಬರೆದಿದ್ದೆಯಲ್ಲ, ಅಪ್ಪ ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಓದಿ ಹೇಳುತ್ತಾರೆ. ಪ್ರತಿ ಸಲವೂ ನಾನೂ ತಲೆಯಾಡಿಸುತ್ತೇನೆ. ಆದರೆ ಅಕ್ಕಾ, ನನ್ನ ಮಟ್ಟಿಗೆ ನೀನು ಅಷ್ಟು ಎತ್ತರಕ್ಕೆ ಹೋಗಬೇಡ. ನನ್ನೊಬ್ಬಳ ವಿಷಯದಲ್ಲಿ ಸ್ವಲ್ಪ ಭೇದ ಮಾಡು.