ತುಕ್ಕಿಗೆ ಬಳಿದ ಬೂದು ಬಣ್ಣ

ಕಟ್ಟಡ ನಿರ್ವಹಣೆಯ ಮಾನ್ಯ ಎಂಜಿನಿಯರ್ ಅವರೇ,

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಸಿನೀರಿನ ಕೊಳವೆ ಒಡೆದದ್ದಕ್ಕೆ ‘ಸಿಬ್ಬಂದಿಯ ಅಜಾಗರೂಕತೆಯೇ ಕಾರಣ’ ಎಂದು ತಾವು ವರದಿ ಬರೆದಿದ್ದೀರಿ. ಆ ಸಿಬ್ಬಂದಿ ನನ್ನ ಓರಗಿತ್ತಿ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ನಿಂತು ರೋಗಿಗಳ ಹೊದಿಕೆ ಹಿಂಡಿದವಳು. ಅವಳ ಬಲಗೈ ಈಗ ಮುಷ್ಟಿ ಕಟ್ಟುವುದಿಲ್ಲ. ಹಾಗಾಗಿ ಪತ್ರ ನಾನು ಬರೆಯುತ್ತಿದ್ದೇನೆ.

ಆ ಕೋಣೆಗೆ ತಾವು ಕಾಲಿಟ್ಟವರಲ್ಲ, ವಿವರಿಸುತ್ತೇನೆ. ಬಾಯ್ಲರ್‌ನಿಂದ ಬರುವ ಕೊಳವೆ ಕಬ್ಬಿಣದ್ದು. ಎರಡು ವರ್ಷದ ಹಿಂದೆ ದುರಸ್ತಿಯ ಹೆಸರಿನಲ್ಲಿ ತಮ್ಮವರು ಅದನ್ನು ಅರ್ಧಕ್ಕೆ ಕತ್ತರಿಸಿ ಮುಂದಕ್ಕೆ ಪ್ಲಾಸ್ಟಿಕ್ ಕೊಳವೆ ಜೋಡಿಸಿದರು. ಎರಡೂ ಸೇರುವ ಜಾಗ ನಮ್ಮ ತೊಟ್ಟಿಯ ಮೇಲೆ, ಸರಿಯಾಗಿ ತಲೆಯೆತ್ತರಕ್ಕೆ ಬಂತು. ವರ್ಷ ತುಂಬುವಷ್ಟರಲ್ಲಿ ಅಲ್ಲಿ ಕಂದು ಹುಡಿ ಕಾಣಿಸಿತು. ಹೊದಿಕೆಗಳ ಮೇಲೆ ತುಕ್ಕಿನ ಚುಕ್ಕೆ ಬಿದ್ದಾಗ ‘ಸರಿಯಾಗಿ ಒಗೆಯತಕ್ಕದ್ದು’ ಎಂದು ನಮಗೇ ನೋಟಿಸು ಬಂತು. ಕೊಳವೆಯ ತುಕ್ಕನ್ನು ಸೋಪಿನಿಂದ ತೊಳೆಯುವ ವಿದ್ಯೆಯನ್ನು ತಮ್ಮ ಕಾಲೇಜಿನಲ್ಲಿ ಕಲಿಸುತ್ತಾರೆಯೇ?

ಮೂರು ಸಲ ಅರ್ಜಿ ಕೊಟ್ಟ ಮೇಲೆ ವಯಸ್ಸಾದ ಪ್ಲಂಬರ್ ಒಬ್ಬರು ಬಂದರು. ಏಣಿ ಹತ್ತಿ ಉಗುರಿನಿಂದ ಕೆರೆದರು.

“ಬಿಸಿಗೆ ಪ್ಲಾಸ್ಟಿಕ್ಕು ಜಾಸ್ತಿ ಹಿಗ್ಗುತ್ತೆ ಕಣಮ್ಮ, ಕಬ್ಬಿಣ ಅಷ್ಟು ಹಿಗ್ಗಲ್ಲ. ದಿನಾ ಎಳೆದಾಡಿ ಸಂದಿ ಬಿಟ್ಟಿದೆ. ಅಲ್ಲಿ ನೀರು ನಿಂತು ಕಬ್ಬಿಣಾನ ತಿಂದ್‌ಹಾಕಿದೆ.”

“ಹಾಗಾದ್ರೆ ಬದಲಾಯಿಸಿ,” ಎಂದಳು ನನ್ನ ಓರಗಿತ್ತಿ.

“ನಂಗೆ ಕೊಟ್ಟು ಕಳ್ಸಿರೋದು ಬಣ್ಣದ ಡಬ್ಬಿ ಮಾತ್ರ ತಾಯಿ.”

ನಮ್ಮ ಮುಖ ನೋಡದೆ ಬೂದು ಬಣ್ಣ ಬಳಿದು ಇಳಿದರು. ‘ದೋಷ ನಿವಾರಿಸಲಾಗಿದೆ’ ಎಂದು ತಾವು ಸಹಿ ಹಾಕಿದಿರಿ.

ಬಣ್ಣ ಬಳಿದ ಹತ್ತೊಂಬತ್ತನೆಯ ದಿನ, ಬೆಳಿಗ್ಗೆ, ನಾನು ಇಸ್ತ್ರಿಯ ಮೇಜಿನ ಹತ್ತಿರ ಇದ್ದೆ. ಅವಳು ತೊಟ್ಟಿಯ ಮುಂದೆ ನಿಂತು ನಗುತ್ತಿದ್ದಳು. “ಅಕ್ಕಾ, ನಿಮ್ಮ ಮೈದುನ ಇವತ್ತು ಚಹಾಕ್ಕೆ ಉಪ್ಪು—” ಅಷ್ಟರಲ್ಲಿ ಜೋಡಣೆ ಕಳಚಿತು. ಕುದಿನೀರು ಮುಖಕ್ಕೆ ಬಾರದಂತೆ ಕೈ ಅಡ್ಡ ಹಿಡಿದಳು. ಅದನ್ನೇ ತಾವು ‘ಕೊಳವೆಯನ್ನು ಹಿಡಿದು ಎಳೆದಿರುವುದು ಕಂಡುಬಂದಿದೆ’ ಎಂದು ಬರೆದದ್ದು. ಯಾರಿಗೆ ಕಂಡುಬಂತು ಸ್ವಾಮಿ? ಕಣ್ಣಾರೆ ಕಂಡವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ.

ಮುರಿದ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ತಮ್ಮ ಕಚೇರಿಗೆ ಬಂದೆ. ಬಣ್ಣದ ಒಳಗೆ ಕಬ್ಬಿಣ ಕಾಗದದಷ್ಟು ತೆಳ್ಳಗಾಗಿತ್ತು, ಹೆಬ್ಬೆರಳು ಒತ್ತಿದರೆ ಉದುರುತ್ತಿತ್ತು. “ಅಮ್ಮಾ, ಗುಜರಿ ಎಲ್ಲ ಇಲ್ಲಿಗೆ ತರ್ಬೇಡಿ,” ಎಂದರು ತಮ್ಮ ಸಹಾಯಕರು. ತುಕ್ಕು ಹಿಡಿದ ತುಂಡು ಗುಜರಿ. ತುಕ್ಕು ಮುಚ್ಚಿದ ಕಾಗದ ದಾಖಲೆ!

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಮೊನ್ನೆ ಅವಳಿಗೆ ತಲೆ ಬಾಚುತ್ತಿದ್ದಾಗ ಮೆಲ್ಲಗೆ ಕೇಳಿದಳು: “ಅಕ್ಕಾ, ನಿಜ ಹೇಳಿ. ನಾನೇ ಎಳೆದುಬಿಟ್ಟಿದ್ನಾ?”

ತಮ್ಮ ವರದಿಯ ಪ್ರತಾಪ ಅಷ್ಟಿದೆ. ಕೊಳವೆ ಅವಳ ಕೈಯನ್ನು ಕಿತ್ತುಕೊಂಡಿತು, ವರದಿ ಅವಳಿಗೆ ತನ್ನ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿತು.

ಇಂಥದೇ ಜೋಡಣೆಗಳು ಈ ಕಟ್ಟಡದಲ್ಲಿ ಇನ್ನೂ ಎಂಟಿವೆ. ಒಂದು, ಹೆರಿಗೆ ವಾರ್ಡಿನಲ್ಲಿ ಎಳೆಕೂಸುಗಳನ್ನು ಮೀಯಿಸುವ ತೊಟ್ಟಿಯ ಮೇಲಿದೆ. ಈ ವಾರವೇ ಎಲ್ಲವನ್ನೂ ಕತ್ತರಿಸಿ ಬದಲಾಯಿಸಿ. ಆಮೇಲೆ ವರದಿ ತಿದ್ದಿಕೊಂಡು ನಮ್ಮ ಮನೆಗೆ ಬನ್ನಿ. ತಪ್ಪು ಅವಳದಲ್ಲ ಎಂದು ತಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ನಾಳೆಯೂ ಅದೇ ಕೋಣೆಗೆ ಕೆಲಸಕ್ಕೆ ಹೋಗಬೇಕಾದವಳು